ಒಳಗಿನವರು ಮಾರಿದರು ಅಂತ

ಕಲಬುರಗಿ

ಚಿ. ತಮ್ಮನಿಗೆ ನಿನ್ನ ಕಾಕಾನ ಆಶೀರ್ವಾದಗಳು.

"ಕಾಕಾ, ನಾನು ಷೇರು ಇಟ್ಟಿರೋ ಕಂಪನಿಯ ಡೈರೆಕ್ಟರೇ ತನ್ನ ಷೇರು ಮಾರಿದ್ದಾನೆ. ಅವನಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ" ಅಂತ ಬರೆದಿದ್ದೀಯಲ್ಲ, ಆ ಮಾತು ನನ್ನ ನಿದ್ದೆ ಕೆಡಿಸಿತು. ಬರೀ ನಷ್ಟ ಆಗಿದೆ ಅಂತ ಬರೆದಿದ್ದರೆ ಇಷ್ಟು ತಳಮಳ ಆಗ್ತಿರಲಿಲ್ಲ.

ಅವನು ಮಾರಿದ್ದು ನಿನ್ನ ತನಕ ಬಂದದ್ದಾದರೂ ಹೇಗೆ? ಷೇರುಪೇಟೆ ಕಾಯೋ ಸರ್ಕಾರಿ ಸಂಸ್ಥೆ ಸೆಬಿಯ 2015ರ ನಿಯಮ ಇದೆ. ಪ್ರಮೋಟರು (ಕಂಪನಿ ಹಿಡಿತದಲ್ಲಿಟ್ಟ ಯಜಮಾನರು), ಡೈರೆಕ್ಟರುಗಳ ಷೇರು ವ್ಯವಹಾರ ಮೂರು ತಿಂಗಳಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಎಕ್ಸ್‌ಚೇಂಜಿಗೆ ಸುದ್ದಿ ಹೋಗಲೇಬೇಕು. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಆಗೋ ತನಕ ಅವರು ಷೇರು ಮುಟ್ಟೋ ಹಾಗಿಲ್ಲ. ಕದ್ದು ಮಾರೋನು ಹೀಗೆ ಸ್ವಂತ ಹೆಸರಲ್ಲಿ ಮಾರ್ತಾನಾ? (ಮಾರಿದವರೂ ಇದ್ದಾರೆ, ಅದು ಬೇರೆ ಮಾತು.)

ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಗುಮಾಸ್ತನಾಗಿದ್ದಾಗ ಒಂದು ಸಲ ನಮ್ಮ ಸಾಹುಕಾರರು ಗೋದಾಮಿನ ತೊಗರಿಯನ್ನೆಲ್ಲ ಒಮ್ಮೆಗೇ ಲಾರಿಗೆ ಹಾಕಿಸಿದರು. ಹಮಾಲರು ಚೀಲಕ್ಕೆ ಕೊಕ್ಕೆ ಹಾಕೋದು ನೋಡಿದ್ದೇ ತಡ, ಧಾರಣಿ ಬೀಳ್ತದೆ, ಸಾಹುಕಾರರಿಗೆ ಸುಳಿವು ಸಿಕ್ಕಿದೆ ಅಂತ ಎಲ್ಲ ಕಡೆ ಗುಸುಗುಸು. ಸೇಡಂ ಕಡೆಯ ರೈತನೊಬ್ಬ ನನ್ನ ಮುಂದೆ ಬಂದು ನಿಂತು, "ಏನ್ರೀ, ನಾನೂ ಮಾರಿಬಿಡ್ಲಾ?" ಅಂದ. ಸಾಹುಕಾರರು ಮಾರಿದ್ದು ಮಗಳ ಮದುವೆಯ ರೊಕ್ಕಕ್ಕೆ. ಬೀಗರ ಕಿವಿಗೆ ಬೀಳಬಾರದು ಅಂತ ನನಗೆ ಬಾಯಿ ಬಿಡಬೇಡ ಅಂದಿದ್ದರು. ನಾನು ತಲೆ ಎತ್ತದೆ ಪಟ್ಟಿ ಬರೀತಾ ಕೂತೆ. ಅವನು ಮಾರಿ ಹೋದ. ಈಗಲೂ ಅವನ ನೆನಪಾದರೆ ಊಟ ಸೇರೋದಿಲ್ಲ.

ನಿನಗೆ ಬಂದ ಸುದ್ದಿಯೂ ಅಂಥದ್ದೇ ಇರಬಹುದು ತಮ್ಮಾ. ಎಷ್ಟು ಮಾರಿದ ಅಂತ ಅದರಲ್ಲಿ ಇರ್ತದೆ, ಯಾಕೆ ಅಂತ ಇರೋದಿಲ್ಲ. ಮನೆ ಕಟ್ಟೋಕೆ, ತೆರಿಗೆ ಕಟ್ಟೋಕೆ, ಇದ್ದ ರೊಕ್ಕವೆಲ್ಲ ಒಂದೇ ಕಡೆ ಬೇಡ ಅಂತಲೂ ಮಾರ್ತಾರೆ.

ಹಾಗಂತ ನಿನ್ನ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕವೇ ಸುಳ್ಳು ಅಂತ ಒಪ್ಪಿಕೊಂಡದ್ದು 2009ರ ಜನವರಿ 7ಕ್ಕೆ. ಪ್ರಮೋಟರುಗಳ ಷೇರು ಸಾಲಕ್ಕೆ ಅಡವಿದೆ ಅನ್ನೋದು ಅದಕ್ಕೂ ಮುಂಚೆಯೇ ಹೊರಬಿದ್ದಿತ್ತು. ಆ ಗದ್ದಲ ಆದಮೇಲೇ ಅಡವಿನ ವಿವರ ಹೇಳೋದನ್ನು ಸೆಬಿ ಕಡ್ಡಾಯ ಮಾಡಿದ್ದು. ಅದಕ್ಕೇ, ಅವರು ಮಾರಿದ್ದನ್ನು ನೋಡೋಕಿಂತ ಮೊದಲು ಅವರ ಷೇರಿನ ಅಡವು ನೋಡು ಅಂತೀನಿ. ಹಳೇ ಗುಮಾಸ್ತನ ಮಾತು, ಬೇಡವಾದರೆ ಬಿಡು.

ಒಬ್ಬನೇ ಮಾರಿದನಾ, ನಾಲ್ಕೈದು ಜನ ಒಟ್ಟಿಗೆ ಮಾರಿದರಾ, ಅದನ್ನೂ ನೋಡು. ಯಾರಾದರೂ ಸ್ವಂತ ರೊಕ್ಕ ಹಾಕಿ ಮಾರುಕಟ್ಟೆಯಲ್ಲಿ ಕೊಂಡಿದ್ದರೆ ನಾನಾದರೆ ಅದಕ್ಕೆ ಜಾಸ್ತಿ ಬೆಲೆ ಕೊಡ್ತೀನಿ. ಗಂಡ ಹೆಂಡತಿಗೆ ವರ್ಗ ಮಾಡಿದ್ದು, ಇಎಸ್ಒಪಿಯಲ್ಲಿ (ಕಂಪನಿ ತನ್ನ ನೌಕರರಿಗೆ ಷೇರು ಕೊಡೋ ಯೋಜನೆ) ಬಂದದ್ದು ಕೊಂಡ ಲೆಕ್ಕ ಅಲ್ಲ. ಭಯ ತಡೀಲಾರದೆ ಅಲ್ಲಿ ಕೆಲಸ ಮಾಡೋ ಗೆಳೆಯನ ಹತ್ರ ಒಳಸುದ್ದಿ ಮಾತ್ರ ಕೇಳಬೇಡ. ಹೇಳಿದವನೂ ಸಿಕ್ಕಿಬೀಳ್ತಾನೆ, ಕೇಳಿ ಮಾರಿದ ನೀನೂ ಸಿಕ್ಕಿಬೀಳ್ತೀಯ. ದಂಡ 10 ಲಕ್ಷದಿಂದ ಶುರು.

ಅಂದಹಾಗೆ, ಆ ಡೈರೆಕ್ಟರು ತನ್ನ ಪಾಲಿನಲ್ಲಿ ಎಷ್ಟು ಭಾಗ ಮಾರಿದ? ನೂರಕ್ಕೆ ಎರಡೋ, ಅರವತ್ತೋ? ಅದನ್ನೇ ನೀನು ಬರೆದಿಲ್ಲ. ನೋಡಿ ತಿಳಿಸು.

ನಿನ್ನ ಕಾಕಾ