ಗೋಕರ್ಣದ ಆರ್ಡರ್ ಒಪ್ಪುವ ಮೊದಲು: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಮಗಳೇ,

ಗೋಕರ್ಣದ ರೆಸಾರ್ಟಿನವರು ಹನ್ನೆರಡು ಚಿತ್ರ ಕೇಳಿದ್ದಾರೆ, ಮಳೆಗಾಲ ಮುಗಿಯುವುದರೊಳಗೆ ಬೇಕಂತೆ, ಎಷ್ಟು ಹೇಳಲಿ ಎಂದು ಬರೆದಿದ್ದೀಯ. ಫೋನಿನಲ್ಲಿ ಏನನ್ನೂ ಹೇಳಬೇಡ. ಮೊದಲು ಒಂದು ರೇಟಿನ ಪಟ್ಟಿ ಟೈಪ್ ಮಾಡಿ ಇಟ್ಟುಕೋ. ಬಾಯಿಗೆ ಬಂದ ರೇಟು ಎದುರಿನವರ ಮುಖ ನೋಡಿ ಇಳಿಯುತ್ತದೆ. ಕಾರವಾರದಿಂದ ಶಿರಸಿವರೆಗೆ ಎಲ್ಲರೂ ಹೇಗೋ ನೆಂಟರೇ ಆಗುವ ನಮ್ಮ ಜಿಲ್ಲೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ.

ಸುಮಾರು ಜನ ಚದರ ಇಂಚಿನ ಲೆಕ್ಕ ಹಾಕುತ್ತಾರೆ. ಅದರಲ್ಲಿ ಒಂದು ತೊಡಕಿದೆ. 9×12 ಇಂಚಿನ ಚಿತ್ರ 108 ಚದರ ಇಂಚು, 36×48ರದ್ದು 1,728, ಅಂದರೆ ಹದಿನಾರು ಪಟ್ಟು. ಚದರ ಇಂಚಿಗೆ 15 ರೂಪಾಯಿ ಹಿಡಿದರೆ ಸಣ್ಣದು 1,620ಕ್ಕೆ ಹೋಗಿ ಕೈಕಚ್ಚುತ್ತದೆ, ದೊಡ್ಡದು 25,920 ಆಗಿ ಗೋಡೆಗೇ ಒರಗಿ ಕೂರುತ್ತದೆ. ಕೆಲಸವಂತೂ ಹದಿನಾರು ಪಟ್ಟು ಆಗುವುದಿಲ್ಲ. ಅದಕ್ಕೇ ಉದ್ದ ಮತ್ತು ಅಗಲ ಕೂಡಿಸಿ ಲೆಕ್ಕ ಹಾಕು: ಸಣ್ಣದು 21, ದೊಡ್ಡದು 84. ಇಂಚಿಗೆ 120 ಎಂದರೆ 2,520 ಮತ್ತು 10,080. ಕ್ಯಾನ್ವಾಸು, ಫ್ರೇಮು, ಸಾಗಾಟ ಬೇರೆ. ಮುಂದೆ ಗ್ಯಾಲರಿಗೆ ಕೊಟ್ಟರೆ ಅವರು ಸಾಮಾನ್ಯವಾಗಿ 30ರಿಂದ 50 ಶೇಕಡಾ ಹಿಡಿಯುತ್ತಾರೆ. 10,080ರಲ್ಲಿ ಶೇಕಡಾ 40 ಹೋದರೆ ಕೈಗೆ ಬರುವುದು 6,048. ಅದು ಸಾಲದೆನಿಸಿದರೆ 120 ಅನ್ನೇ ಈಗ ಏರಿಸು. ಮನೆಯಲ್ಲೊಂದು ರೇಟು, ಗ್ಯಾಲರಿಯಲ್ಲೊಂದು ರೇಟು ಅಂತ ಮಾಡಿದರೆ ಯಾವ ಗ್ಯಾಲರಿಯೂ ಎರಡನೇ ಸಲ ಕರೆಯುವುದಿಲ್ಲ.

"ಗೃಹಪ್ರವೇಶಕ್ಕೆ ಒಂದು ಚಿತ್ರ ಕೊಡೇ" ಎನ್ನುವವರಿಗೆ ಪ್ರಿಂಟ್ ಕೊಡು, ಮೂಲ ಚಿತ್ರ ಬೇಡ. 12×16 ಇಂಚಿನ ಪ್ರಿಂಟಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಹಿಡಿದರೆ 3600×4800 ಪಿಕ್ಸೆಲ್ ಬೇಕು, ಸುಮಾರು 17 ಮೆಗಾಪಿಕ್ಸೆಲ್. ಮೋಡ ಕವಿದ ಬೆಳಿಗ್ಗೆ ಜಗಲಿಯಲ್ಲಿ, ಗಾಜು ಹಾಕುವ ಮೊದಲೇ ಫೋಟೊ ತೆಗೆ.

ಇನ್ನು ಕರಾರು. ಸಿದ್ಧವಿದ್ದ ಚಿತ್ರ ಮಾರಿದರೆ ಕಾಪಿರೈಟ್ ನಿನ್ನ ಹತ್ತಿರವೇ ಉಳಿಯುತ್ತದೆ. ಆದರೆ ಯಾರೋ ಹೇಳಿ, ದುಡ್ಡು ಕೊಟ್ಟು ಬರೆಸಿದ ಚಿತ್ರದ ಮಾತು ಬೇರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹನ್ನೆರಡು ಚಿತ್ರ ಕೊಟ್ಟು ಸುಮ್ಮನಾದರೆ ನಾಳೆ ಅವರ ಮಗ್ಗು, ಟೀ ಶರ್ಟು, ಕ್ಯಾಲೆಂಡರಿನ ಮೇಲೆಲ್ಲ ನಿನ್ನ ಚಿತ್ರ ಬರಬಹುದು, ಅದನ್ನೇ ನೀನು ಪ್ರಿಂಟ್ ಹಾಕಲು ಅವರ ಅನುಮತಿ ಕೇಳಬೇಕಾಗಬಹುದು. "ಕಾಪಿರೈಟ್ ಕಲಾವಿದೆಯದು, ಗ್ರಾಹಕರು ಚಿತ್ರಗಳನ್ನು ತಮ್ಮ ಕಟ್ಟಡದಲ್ಲಿ ತೂಗುಹಾಕಬಹುದು, ಮರುಮುದ್ರಣಕ್ಕೆ ಪ್ರತ್ಯೇಕ ಒಪ್ಪಂದ ಬೇಕು" ಎಂದು ಬರೆದು ಇಬ್ಬರೂ ಸಹಿ ಮಾಡಿ. ಅರ್ಧ ಹಣ ಮುಂಗಡ, ಉಳಿದದ್ದು ಚಿತ್ರ ಗಾಡಿ ಹತ್ತುವ ಮೊದಲು. ಪ್ರತಿಯೊಂದಕ್ಕೂ ಪೆನ್ಸಿಲ್ ನಕ್ಷೆ, 9×12ರ ಬಣ್ಣದ ಸ್ಟಡಿ (ದೊಡ್ಡದಕ್ಕೆ ಮೊದಲು ಬರೆಯುವ ಸಣ್ಣ ಮಾದರಿ ಚಿತ್ರ) ಒಂದನ್ನು ತೋರಿಸಿ ಒಪ್ಪಿಗೆ ತಗೋ. ಬದಲಾವಣೆ ಎರಡು ಸಲ ಮಾತ್ರ, ಅದೂ ಸ್ಟಡಿಯ ಹಂತದಲ್ಲಿ. "ಸಮುದ್ರ ಇನ್ನೂ ನೀಲಿ ಬೇಕಿತ್ತು" ಎಂದು ಕೊನೆಗೆ ಹೇಳುವವರು ಇದ್ದೇ ಇರುತ್ತಾರೆ. ಜುಲೈನಲ್ಲಿ ಕಾರವಾರದ ಸಮುದ್ರ ಎಷ್ಟು ನೀಲಿ ಇರುತ್ತದೆ ಎಂದು ಅವರೂ ಬಂದು ನೋಡಲಿ.

ನನಗೆ ಹೆಚ್ಚು ಯೋಚನೆ ಇರುವುದು ಮಳೆಯದು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಕಾಗದವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡ. ಕಾಗದ ನೀರನ್ನು ಒಮ್ಮೆಲೇ ಹೀರದಂತೆ ತಡೆಯುವ ಸೈಜಿಂಗ್ ಎಂಬ ಅಂಟಿನ ಲೇಪವನ್ನು ಬೂಷ್ಟು ತಿಂದುಹಾಕುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ನೀರು ಹಚ್ಚಿದಾಗ ಮಾತ್ರ ಅಲ್ಲಲ್ಲಿ ಒತ್ತುಕಾಗದದ ಹಾಗೆ ಬಣ್ಣ ಹೀರಿಕೊಂಡು ಕಪ್ಪು ಚುಕ್ಕೆ ಏಳುತ್ತದೆ. ಆ ಹಾಳೆ ಜಲವರ್ಣಕ್ಕೆ ಆಗಲಿಲ್ಲ, ಅಕ್ರಿಲಿಕ್‌ಗೆ ಬಳಸು. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಬಾಳುತ್ತದೆ. ಒಂದು ಪದರ ಒಣಗಿತೇ ಎಂದು ನೋಡಲು ಕೈಯ ಹಿಂಬದಿ ತಾಗಿಸು: ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ, ಮೇಲೆ ಮತ್ತೊಂದು ಪದರ ಹಚ್ಚಿದರೆ ಕೆಳಗಿನದು ಎದ್ದು ಬಂದು ಕೆಸರಾಗುತ್ತದೆ.

ಅಕ್ರಿಲಿಕ್‌ನ ಮೇಲ್ಮೈ ಬೇಗ ಒಣಗಿದಂತೆ ಕಂಡರೂ ಒಳಗಿನ ನೀರು ಈ ಹವೆಯಲ್ಲಿ ನಿಧಾನಕ್ಕೆ ಹೋಗುತ್ತದೆ. ಹಪ್ಪಳ ಒಣಗದ ದಿನ ವಾರ್ನಿಷ್ ಹಚ್ಚಬೇಡ, ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅಕ್ರಿಲಿಕ್ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಲೂಬಾರದು. ಬಿಸಿಗೆ ಬಣ್ಣ ಮೆತ್ತಗಾಗಿ ಗುಳ್ಳೆಯ ಅಚ್ಚು ಬೀಳುತ್ತದೆ, ಅದು ಹೋಗುವುದಿಲ್ಲ. ಮೊದಲು ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್, ಮೇಲೆ ರಟ್ಟು, ಆಮೇಲೆ ಗುಳ್ಳೆಗಳು ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್.

ರೆಸಾರ್ಟಿನ ಗೋಡೆ ಚಿರೆಕಲ್ಲಿನದಾ ಎಂದು ಕೇಳಿಕೋ. ಮಳೆಯಲ್ಲಿ ಆ ಗೋಡೆ ಬೆವರುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡೂ ಮೂಲೆಗೆ ಕಾರ್ಕಿನ ತುಂಡು ಅಂಟಿಸಿದರೆ ಗಾಳಿ ಆಡಲು ಸ್ವಲ್ಪ ಜಾಗ ಸಿಗುತ್ತದೆ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಲಿ, ಇಲ್ಲದಿದ್ದರೆ ಚಿತ್ರ ಗಾಜಿಗೆ ಕಚ್ಚಿಕೊಳ್ಳುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹಿಂಬದಿ ಉಬ್ಬುತ್ತದೆ, ಬೇಡ. ಕಬ್ಬಿಣದ ಕೊಕ್ಕೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಹಾಕು.

ಆ ಹನ್ನೆರಡು ಸ್ಟಡಿಗಳನ್ನು ರೆಸಾರ್ಟಿಗೆ ಪುಕ್ಕಟೆ ಕೊಡಬೇಡ. ಹಕ್ಕು ನಿನ್ನದಾಗಿದ್ದರೆ ಮೌಂಟ್ ಹಾಕಿ ಚಿತ್ರಸಂತೆಗೆ ಒಯ್ಯಬಹುದು. ಜನವರಿಯ ಮೊದಲ ಭಾನುವಾರದ ಹೊತ್ತಿಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಸಂತೆ ಅದು. ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು. ಅಲ್ಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತುವಂಥ ಅಳತೆಯವು ಸುಲಭವಾಗಿ ಹೋಗುತ್ತವೆ. ರಾಜ್ಯದ ಹೊರಗೆ ಕಳಿಸುವ ಆರ್ಡರ್ ಬಂದರೆ ಮಾತ್ರ ಬಿಲ್ ಮಾಡುವ ಮೊದಲು ಜಿಎಸ್‌ಟಿ ಬಗ್ಗೆ ಆಡಿಟರನ್ನು ಕೇಳು.

ಕರಾರಿನ ಕರಡು ಅವರಿಗೆ ಹೋಗುವ ಮೊದಲು ನನಗೆ ವಾಟ್ಸಾಪ್ ಮಾಡು. ಫ್ರೇಮಿನ ಅಳತೆಯನ್ನೂ ಹಾಕು, ಇಲ್ಲಿಯ ಬಡಗಿಯ ಹತ್ತಿರ ಮರ ಈಗಲೇ ಒಣಗಿಸಲು ಹೇಳುತ್ತೇನೆ.

ನಿನ್ನ
ಆಯಿ