ಜಾಗದ ಪಟ್ಟಿ ಸಾಕು, ಉಬ್ಬರದ ಹೊತ್ತು ಹಾಕಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಕಡಲ ದಡದಿಂದ ಗಾಳ ಹಾಕುವವರಿಗಾಗಿ ಒಂದು ಪುಟದ ಲೇಖನ ಬಂದಿತ್ತು. ಸಸಿಹಿತ್ಲು, ಹೆಜಮಾಡಿ ಕೋಡಿ, ಕೋಡಿ ಬೆಂಗ್ರೆ, ಮರವಂತೆ, ಕಾರವಾರದ ದೇವಬಾಗ, ಹೀಗೆ ಜಾಗಗಳ ಪಟ್ಟಿ. ಫೋಟೋ ಚೆನ್ನಾಗಿದ್ದವು. ಹೋಗುವ ದಾರಿ, ಉಳಿಯುವ ಹೋಂಸ್ಟೇ, ಊಟದ ಹೋಟೆಲು ಎಲ್ಲ ಬರೆದಿದ್ದರು. ಯಾವ ಹೊತ್ತಿಗೆ ಹೋಗಬೇಕು ಅನ್ನುವುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದಿಲ್ಲದೆ ಉಳಿದದ್ದೆಲ್ಲ ಗಾಳ ಹಾಕುವವರಿಗೆ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಬೇಡಿಕೆ ಚಿಕ್ಕದು, ಮೊದಲೇ ಹೇಳಿಬಿಡುತ್ತೇನೆ. ನೀವು ದಿನಾ ತಿಥಿ, ನಕ್ಷತ್ರ, ರಾಹುಕಾಲ, ಸೂರ್ಯೋದಯ ಹಾಕುತ್ತೀರಿ. ಅದರ ಪಕ್ಕದಲ್ಲೇ, ಶುಕ್ರವಾರ ಶನಿವಾರ ಎರಡು ದಿನವಾದರೂ, ಕಾರವಾರ, ಮಲ್ಪೆ, ಮಂಗಳೂರು ಈ ಮೂರು ಊರುಗಳ ಉಬ್ಬರ ಇಳಿತದ ಹೊತ್ತು ಮತ್ತು ಅಲೆಯ ಎತ್ತರ ಹಾಕಿ. ಬೆಂಗಳೂರು ಆವೃತ್ತಿಯಲ್ಲೇ ಹಾಕಿ. ಕರಾವಳಿಯವರು ನೀರು ನೋಡಿಯೇ ಹೇಳಬಲ್ಲರು, ಗೊತ್ತಾಗದೆ ಹೋಗಿ ನಿಲ್ಲುವವರು ನಾವು.

ನಮ್ಮವರು ಹೋಗುವ ರೀತಿ ನೋಡಿ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವುದು, ಇಲ್ಲವೇ ನಾಲ್ಕು ಜನ ಸೇರಿ ಕಾರಿನಲ್ಲಿ ಶಿರಾಡಿ ಘಾಟಿ ಇಳಿಯುವುದು. ಶನಿವಾರ ಬೆಳಕು ಹರಿಯುವಾಗ ಮರಳಿನ ಮೇಲೆ ರಾಡು ಹಿಡಿದು ನಿಂತಿರುತ್ತಾರೆ. ಬಸ್ಸು ಇಳಿಸಿದ ಹೊತ್ತೇ ಗಾಳ ಹಾಕುವ ಹೊತ್ತು. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಾ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಲೆಕ್ಕ ಹಾಕಿ, ಆರು ಗಂಟೆ ಹತ್ತಿರ ಬರುತ್ತದೆ. ಈ ಶನಿವಾರ ಬೆಳಗ್ಗೆ ಏಳಕ್ಕೆ ನೀರು ತುಂಬಿದ್ದರೆ ಮುಂದಿನ ಶನಿವಾರ ಏಳಕ್ಕೆ ಹೆಚ್ಚುಕಡಿಮೆ ಪೂರ್ತಿ ಇಳಿದಿರುತ್ತದೆ. ಒಂದು ವಾರ ಒಳ್ಳೊಳ್ಳೆ ಕಾಣೆ ಮೀನು ಸಿಕ್ಕವರು ಸ್ನೇಹಿತರನ್ನೆಲ್ಲ ಕಟ್ಟಿಕೊಂಡು ಮುಂದಿನ ವಾರ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ, ಬರಿಗೈಯಲ್ಲಿ ವಾಪಸ್ ಬಂದು, ‘ಮೀನೇ ಇಲ್ಲ ಕಣ್ರೀ, ಟ್ರಾಲ್ ಬೋಟಿನವರು ಎಲ್ಲ ಬಳಿದುಕೊಂಡು ಹೋಗಿದ್ದಾರೆ’ ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಜಾಗ ಅದೇ, ನೀರು ಬೇರೆ.

ಈಚೆಗೆ ಇದನ್ನು ವ್ಯಾಪಾರ ಮಾಡುವವರೂ ಹುಟ್ಟಿಕೊಂಡಿದ್ದಾರೆ. ನಮ್ಮ ಆಫೀಸಿನವರನ್ನು ಒಂದು ಟೂರ್‌ನವರು ‘ಫಿಶಿಂಗ್ ಪ್ಯಾಕೇಜ್’ ಅಂತ ಕರೆದುಕೊಂಡು ಹೋಗಿದ್ದರು. ತಿಂಡಿ, ಫೋಟೋ ಎಲ್ಲ ಮುಗಿಸಿ ಮರಳಿಗೆ ಇಳಿಸುವಾಗ ನಡುಮಧ್ಯಾಹ್ನ. ನೀರು ಪೂರ್ತಿ ಇಳಿದು ಅಲ್ಲಾಡದೆ ನಿಂತಿತ್ತು, ಮೇಲೆ ಉರಿಬಿಸಿಲು. ದುಡ್ಡು ತೆಗೆದುಕೊಳ್ಳುವವರು ಉಬ್ಬರದ ಹೊತ್ತು ನೋಡಿ ತಾನೇ ತಿಂಡಿಯ ಹೊತ್ತು ಇಟ್ಟುಕೊಳ್ಳಬೇಕು?

ಪಂಚಾಂಗ ಇದೆಯಲ್ಲ, ಅದು ಸಾಲದೇ ಅಂತ ಯಾರಾದರೂ ಕೇಳಬಹುದು. ಅರ್ಧ ಕೆಲಸಕ್ಕೆ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ, ಅದರಾಚೆಯ ದಿನ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ನವಮಿ ಕಡೆ ಸಪ್ಪೆ. ದೊಡ್ಡ ದಿನಗಳಲ್ಲಿ ಮಂಗಳೂರಿನ ಕಡೆ ಏರಿಳಿತದ ನಡುವೆ ಒಂದೂವರೆ ಮೀಟರ್ ಆಸುಪಾಸು ಇರುತ್ತದೆ, ಕಾರವಾರದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಕೇಳುವುದಕ್ಕೆ ಕಡಿಮೆ ಅನ್ನಿಸುತ್ತದೆ, ಆದರೆ ದಡ ಚಪ್ಪಟೆಯಾಗಿರುವಲ್ಲಿ ಅಷ್ಟರಲ್ಲೇ ನೀರು ಎಷ್ಟೋ ದೂರ ಹಿಂದಕ್ಕೆ ಹೋಗಿಬಿಡುತ್ತದೆ. ಇದನ್ನೆಲ್ಲ ತಿಥಿ ನೋಡಿ ಊಹಿಸಬಹುದು. ಗಡಿಯಾರದ ಹೊತ್ತು ಮಾತ್ರ ತಿಥಿಯಿಂದ ನೇರವಾಗಿ ಸಿಗುವುದಿಲ್ಲ, ಬಂದರಿನಿಂದ ಬಂದರಿಗೆ ಅದು ಬದಲಾಗುತ್ತದೆ. ಇನ್ನೊಂದು, ನಮ್ಮ ಕಡೆ ದಿನದ ಎರಡು ಉಬ್ಬರ, ಎರಡು ಇಳಿತ ಒಂದೇ ಸಮ ಇರುವುದಿಲ್ಲ, ಒಂದು ಇಳಿತದಲ್ಲಿ ಚೆನ್ನಾಗಿ ತಳ ಕಾಣಿಸಿದರೆ ಇನ್ನೊಂದರಲ್ಲಿ ಅಷ್ಟು ಕಾಣಿಸದೇ ಇರಬಹುದು. ಹಾಗಾಗಿ ಹೊತ್ತಿನ ಜೊತೆಗೆ ಎತ್ತರವೂ ಬೇಕು.

ಇಳಿತ ಅಂದರೆ ಸುಮ್ನೆ ಕಾಯುವ ಹೊತ್ತು ಅಂದುಕೊಳ್ಳಬೇಡಿ. ಜಾಗ ಹುಡುಕುವುದು ಆವಾಗಲೇ. ನೀರು ಪೂರ್ತಿ ಇಳಿದಾಗ ಮರಳಿನ ದಿಬ್ಬದ ಮೇಲೋ ರಸ್ತೆಯ ಮೇಲೋ ಎತ್ತರದಲ್ಲಿ ನಿಂತು ನೋಡಿ. ಅಲೆ ಎಲ್ಲಿ ಬೆಳ್ಳಗೆ ಒಡೆಯುತ್ತದೋ ಅಲ್ಲಿ ಕೆಳಗೆ ಮರಳಿನ ದಿಣ್ಣೆ ಇದೆ, ನೀರು ಆಳ ಇಲ್ಲ. ಆ ದಿಣ್ಣೆಗೂ ದಡಕ್ಕೂ ಮಧ್ಯೆ ಅಲೆ ಒಡೆಯದೆ ಸ್ವಲ್ಪ ಕಪ್ಪಾಗಿ ಕಾಣುವ ಪಟ್ಟಿ ಇರುತ್ತದೆ, ಅದು ದಡದ ಉದ್ದಕ್ಕೂ ಹೋಗುವ ಕಾಲುವೆ. ನೀರು ಏರುವಾಗ ಮೀನು ಈ ಕಾಲುವೆಯಲ್ಲೇ ಓಡಾಡುತ್ತದೆ. ದಿಣ್ಣೆಯ ಮೇಲಿಂದ ಅಲೆ ಕೆದರಿ ತಂದು ಹಾಕುವ ಹುಳ, ಸಣ್ಣ ಏಡಿ, ಸಿಗಡಿ ಎಲ್ಲ ಬಂದು ಬೀಳುವುದು ಇಲ್ಲೇ. ದಿಣ್ಣೆ ಎಲ್ಲಾದರೂ ತುಂಡಾಗಿದ್ದರೆ, ಅಂದರೆ ಬಿಳಿ ನೊರೆಯ ಸಾಲಿನಲ್ಲಿ ಒಂದು ಕಡೆ ಬಾಗಿಲು ಬಿಟ್ಟಂತೆ ಖಾಲಿ ಕಂಡರೆ, ಆ ಜಾಗದ ಎರಡೂ ಅಂಚನ್ನು ಗುರುತು ಇಟ್ಟುಕೊಳ್ಳಿ. ಹತ್ತಿರದ ತೆಂಗಿನ ಮರವನ್ನೋ, ಹಿಂದಿನ ಮನೆಯನ್ನೋ ಗುರುತಿಗೆ ಹಿಡಿಯಿರಿ, ಯಾಕೆಂದರೆ ನೀರು ಏರಿದ ಮೇಲೆ ಎಲ್ಲ ಒಂದೇ ತರ ಕಾಣುತ್ತದೆ.

ಈ ಕಾಲುವೆ ಎಷ್ಟೋ ಕಡೆ ದಡದಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಇರುತ್ತದೆ. ನಮ್ಮವರು ಹನ್ನೆರಡು ಅಡಿಯ ರಾಡು ತಂದು ಶಕ್ತಿಯೆಲ್ಲ ಹಾಕಿ ಬೀಸಿ ಎರೆಯನ್ನು ದಿಣ್ಣೆಯ ಆಚೆ ಎಸೆಯುತ್ತಾರೆ. ಕಾಣೆ ಮೊಣಕಾಲುದ್ದ ನೀರಿನಲ್ಲೂ ಬರುವ ಮೀನು, ಹೆದರಿದರೆ ಮರಳಿನೊಳಗೆ ಹುದುಗಿಕೊಳ್ಳುವ ಮೀನು. ಅದರ ಮೇಲೇ ನಡೆದುಕೊಂಡು ಹೋಗಿ, ಸೊಂಟದ ತನಕ ನೀರಿಗೆ ಇಳಿದು, ದೂರಕ್ಕೆ ಎಸೆಯುತ್ತೇವೆ. ಮೊದಲ ಎಸೆತ ಒಣ ಮರಳಿನ ಮೇಲೆ ನಿಂತೇ ಇರಲಿ. ಸಣ್ಣ ಗಾಳ, ಸಿಪ್ಪೆ ಸುಲಿದ ಸಿಗಡಿಯ ಬೆರಳುಗುರಿನಷ್ಟು ತುಂಡು, ಸೆಳೆತಕ್ಕೆ ಅಷ್ಟಿಷ್ಟು ಉರುಳಿಕೊಂಡು ಹೋಗುವಷ್ಟೇ ತೂಕದ ಸೀಸದ ಗುಂಡು ಸಾಕು.

ಕುಂದಾಪುರದ ಕಡೆ ಒಬ್ಬ ಹಿರಿಯರು ಗಾಳ ಬಿಚ್ಚುವ ಮೊದಲು ಒಣಗಿದ ತೆಂಗಿನ ಸಿಪ್ಪೆಯ ತುಂಡೊಂದನ್ನು ನೀರಿಗೆ ಎಸೆದರು. ಅದು ಮೊದಲು ನಿಧಾನವಾಗಿ ದಡಕ್ಕೆ ಸಮನಾಗಿ ತೆಂಕಕ್ಕೆ ಹೋಯಿತು, ಒಂದು ಕಡೆ ನಿಂತು ಗಿರ್ರನೆ ಒಂದು ಸುತ್ತು ಹಾಕಿತು, ಆಮೇಲೆ ಸರಸರನೆ ಕಡಲಿನ ಕಡೆ ಹೊರಟುಬಿಟ್ಟಿತು. ಅವರು ಆ ತಿರುಗಿದ ಜಾಗಕ್ಕೆ ಎರೆ ಹಾಕಿದರು. ನನ್ನನ್ನು ನೋಡಿ, ‘ಎಂತಕ್ ಇಷ್ಟ್ ಬೇಗ ಬಂದ್ರಿ? ನೀರ್ ಈಗಷ್ಟೇ ತಿರ್ಗಿತ್ ಕಾಣಿ’ ಅಂದರು. ಸಿಪ್ಪೆ ಕಡಲಿಗೆ ಹೊರಟ ಆ ಜಾಗ ಮೀನಿಗೆ ಒಳ್ಳೆಯದು, ಮನುಷ್ಯರಿಗೆ ಅಲ್ಲ. ಅಲ್ಲಿ ಅಲೆ ಇಲ್ಲ, ಶಾಂತವಾಗಿದೆ ಅಂತ ಸ್ನಾನಕ್ಕೆ ಇಳಿಯುವವರನ್ನೇ ಸೆಳವು ಒಳಗೆ ಎಳೆದುಕೊಂಡು ಹೋಗುವುದು.

ಬರೀ ಮರಳಿನ ದಡದಲ್ಲಿ ಸಾಮಾನ್ಯವಾಗಿ ಉಬ್ಬರದ ಕೊನೆಯ ಎರಡು ಗಂಟೆ ಮತ್ತು ಇಳಿಯಲು ಶುರುವಾದ ಮೊದಲ ಒಂದು ಗಂಟೆ ಒಳ್ಳೆಯದು. ಅದು ಬೆಳಗಿನ ಜಾವಕ್ಕೋ ಸಂಜೆ ಬೆಳಕಿಗೋ ಸೇರಿಕೊಂಡರೆ ಇನ್ನೂ ಒಳ್ಳೆಯದು. ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವ ಬಾಯಲ್ಲಿ, ಲೆಕ್ಕ ಬೇರೆ. ಸುವರ್ಣಾ, ಸೀತಾ ಸೇರುವ ಕೋಡಿ ಬೆಂಗ್ರೆಯಾಗಲಿ, ಪಂಚಗಂಗಾವಳಿಯ ಗಂಗೊಳ್ಳಿ ಕಡೆಯಾಗಲಿ, ನೇತ್ರಾವತಿ ಗುರುಪುರ ನದಿಗಳ ಅಳಿವೆಬಾಗಿಲಾಗಲಿ, ಅಲ್ಲಿ ನೀರು ಇಳಿಯುವಾಗ ನದಿಯೊಳಗಿನ ಸಿಗಡಿ, ಮರಿಮೀನು ಎಲ್ಲ ಹೊರಕ್ಕೆ ಬರುತ್ತವೆ, ಅವನ್ನು ತಿನ್ನುವ ದೊಡ್ಡ ಮೀನು ಬಾಯಲ್ಲೇ ಕಾದಿರುತ್ತದೆ. ಕಲ್ಲುಗಳ ಹತ್ತಿರ ಕೆಂಬೇರಿ ಮೀನು ಸಿಗುವ ಅವಕಾಶವೂ ಇದೆ. ಇಳಿತದ ಅರ್ಧದಲ್ಲಿ ಸೆಳೆತ ಜೋರಾಗಿ ಗುಂಡು ನಿಲ್ಲುವುದೇ ಇಲ್ಲ, ಹಾಗಾಗಿ ಶುರುವಿನಲ್ಲೋ ಕೊನೆಯಲ್ಲೋ ನೋಡಬೇಕು. ಒಂದೇ ದಿನ, ಒಂದೇ ಊರು, ಮರಳಿನ ದಡಕ್ಕೆ ಒಂದು ಹೊತ್ತು, ಅಳಿವೆಗೆ ಇನ್ನೊಂದು ಹೊತ್ತು. ಪಟ್ಟಿಯಲ್ಲಿ ಹೆಸರು ಹಾಕಿದರೆ ಇದು ಹೇಗೆ ಗೊತ್ತಾಗಬೇಕು? ಅದೂ ಅಲ್ಲದೆ ಪ್ರತಿ ಮಳೆಗಾಲ ಮರಳನ್ನು ಎತ್ತಿ ಬೇರೆ ಕಡೆ ಹಾಕುತ್ತದೆ. ಸಸಿಹಿತ್ಲು ಕಡೆ ಶಾಂಭವಿ, ನಂದಿನಿ ನದಿಗಳ ಬಾಯಿ ಜಾಗ ಬದಲಿಸುತ್ತಲೇ ಬಂದಿದೆ. ಹೋದ ವರ್ಷದ ಕಾಲುವೆ ಈ ವರ್ಷ ಅಲ್ಲಿರುವುದಿಲ್ಲ.

ಗಾಳಿಯದೂ ಒಂದು ಮಾತು. ನವರಾತ್ರಿ ಕಳೆದ ಮೇಲೆ ಮಳೆಗಾಲದ ಕೆಸರು ಇಳಿದು ನೀರು ತಿಳಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆ ನುಣುಪಾಗಿರುತ್ತದೆ, ಎಸೆತವೂ ಹಗುರ. ಹನ್ನೊಂದು ಹನ್ನೆರಡು ಗಂಟೆ ಆಗುತ್ತಿದ್ದಂತೆ ಗಾಳಿ ತಿರುಗಿ ಕಡಲಿನಿಂದ ಮುಖಕ್ಕೆ ಹೊಡೆಯುತ್ತದೆ, ದಾರ ಬಿಲ್ಲಿನ ಹಾಗೆ ಬಾಗುತ್ತದೆ, ಮೀನು ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗಲೇಬೇಡಿ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೇ ಕಡಲಿಗೆ ಇಳಿಯಲು ನಿಷೇಧ ಇರುತ್ತದೆ. ಕಡಲನ್ನೇ ನಂಬಿ ಬದುಕುವವರು ದೋಣಿ ಮೇಲೆಳೆದು ಕೂತಿರುವಾಗ ನಮಗೆ ಬಂಡೆಯ ತುದಿಯಲ್ಲಿ ಏನು ಕೆಲಸ?

ಅಲೆಯ ಎತ್ತರ ಹಾಕಿ ಅಂದಿದ್ದಕ್ಕೆ ಕಾರಣ ಮೀನಲ್ಲ, ಜೀವ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ಆದರೂ ತೀರಾ ದಕ್ಷಿಣದ ಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಸಾಗಿ ಬಂದು ನಮ್ಮ ದಡಕ್ಕೆ ಹೊಡೆಯುತ್ತವೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಹದಿನೈದು ಸೆಕೆಂಡಿಗಿಂತ ಜಾಸ್ತಿ ಅಂತರ ಇರಬಹುದು. ಆ ಅಂತರದಲ್ಲಿ ಕಡಲು ಶಾಂತ ಅನ್ನಿಸುತ್ತದೆ, ಬಂಡೆಯ ಮೇಲೆ ಇನ್ನೆರಡು ಹೆಜ್ಜೆ ಮುಂದೆ ಹೋಗುತ್ತೇವೆ, ಆಮೇಲೆ ಬರುವ ಅಲೆ ನಿಂತ ಜಾಗದ ಮೇಲೇ ಹಾದು ಹೋಗುತ್ತದೆ. ಒಂದೇ ಎತ್ತರದ ಅಲೆಯಾದರೂ ಅಂತರ ಜಾಸ್ತಿ ಇದ್ದರೆ ಅದರ ಹೊಡೆತವೂ ಜಾಸ್ತಿ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯ್ಸ್ ಇದಕ್ಕೆಲ್ಲ ಮುನ್ನೆಚ್ಚರಿಕೆ ಕೊಡುತ್ತದೆ. ನಮ್ಮಲ್ಲಿ ಅದು ಕರಾವಳಿ ಜಿಲ್ಲೆಯ ಸುದ್ದಿ ಆಗಿ ಅಲ್ಲೇ ಉಳಿದುಬಿಡುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಬಯಲುಸೀಮೆಯವರಿಗೆ ಕೆರೆ ಗೊತ್ತು, ಬಾವಿ ಗೊತ್ತು, ಕಡಲು ಗೊತ್ತಿಲ್ಲ. ಎಚ್ಚರಿಕೆ ಮುಟ್ಟಬೇಕಾದ್ದು ಹೊರಡುವ ಊರಿಗೆ.

ಲೇಖನದ ಬಗ್ಗೆ ಇನ್ನೊಂದು ತಕರಾರು ಇದೆ. ಜಾಗದ ಹೆಸರಿನ ಜೊತೆ ಮ್ಯಾಪಿನ ಕ್ಯೂಆರ್ ಕೋಡ್ ಕೂಡ ಹಾಕಿದ್ದೀರಿ. ಅದರಲ್ಲಿ ಒಂದೆರಡು ಕಡೆ ಊರಿನವರು ಇವತ್ತಿಗೂ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದ ಎಳೆಯುವ ದೊಡ್ಡ ಬಲೆ, ಎಳೆಯುತ್ತಾರೆ. ಬಲೆ ನೀರಿನಲ್ಲಿರುವಾಗ ಅದರ ಮೇಲೆ ಗಾಳ ಎಸೆದರೆ ಕೊಕ್ಕೆ ಬಲೆಗೆ ಸಿಕ್ಕಿ ಹರಿಯುತ್ತದೆ, ಅವರ ಕೈಗೂ ಚುಚ್ಚುತ್ತದೆ. ಮೊದಲು ಹೋಗಿ, ‘ಅಣ್ಣಾ, ಇಲ್ಲಿ ಗಾಳ ಹಾಕಬಹುದಾ?’ ಅಂತ ಕೇಳಿ. ಬೇಡ ಅಂದರೆ ನೂರು ಹೆಜ್ಜೆ ಆಚೆ ಹೋಗಿ. ತುಂಡಾದ ನೈಲಾನ್ ದಾರವನ್ನು ಮರಳಿನಲ್ಲಿ ಬಿಟ್ಟು ಬರಬೇಡಿ. ನಮ್ಮ ಕರಾವಳಿಯಲ್ಲಿ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಮೊಟ್ಟೆ ಇಡಲು ದಡಕ್ಕೆ ಬರುತ್ತವೆ, ಆ ದಾರ ಅವುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮರಿ ಕಾಣೆ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು ವಾಪಸ್ ಬಿಡಿ.

ಉಬ್ಬರದ ಹೊತ್ತನ್ನು ನೀವು ಹೊಸದಾಗಿ ಲೆಕ್ಕ ಹಾಕಬೇಕಾಗಿಲ್ಲ. ಸರ್ವೆ ಆಫ್ ಇಂಡಿಯಾದವರು ಇಡೀ ವರ್ಷದ ಉಬ್ಬರ ಇಳಿತದ ಪಟ್ಟಿಯನ್ನು ಮೊದಲೇ ಅಚ್ಚು ಹಾಕುತ್ತಾರೆ. ಅಲೆ, ಗಾಳಿಯ ವಿವರ ಇನ್‌ಕಾಯ್ಸ್‌ನವರಲ್ಲಿ ದಿನಾ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಒಂದು ಊರಿಗೆ ಒಂದು ಸಾಲು ಅಂದರೂ ಮೂರು ಸಾಲು: ಎರಡು ಉಬ್ಬರದ ಹೊತ್ತು, ಎರಡು ಇಳಿತದ ಹೊತ್ತು, ಪಕ್ಕದಲ್ಲಿ ನೀರಿನ ಎತ್ತರ ಮೀಟರಿನಲ್ಲಿ, ಕೊನೆಯಲ್ಲಿ ಅಲೆಯ ಎತ್ತರ ಮತ್ತು ಎಷ್ಟು ಸೆಕೆಂಡಿಗೆ ಒಂದು ಅಲೆ ಅನ್ನುವುದು. ಎಚ್ಚರಿಕೆ ಇದ್ದ ದಿನ ಅದನ್ನು ಕೆಂಪು ಅಕ್ಷರದಲ್ಲಿ ಹಾಕಿ. ಶನಿವಾರದ್ದನ್ನು ಶುಕ್ರವಾರದ ಪತ್ರಿಕೆಯಲ್ಲೇ ಹಾಕಿ, ಯಾಕೆಂದರೆ ಶನಿವಾರ ಪತ್ರಿಕೆ ಮನೆಗೆ ಬರುವ ಹೊತ್ತಿಗೆ ನಾವು ಘಾಟಿ ಇಳಿದಾಗಿರುತ್ತದೆ. ನಿಮ್ಮ ಕಚೇರಿಯಲ್ಲಿ ಇದಕ್ಕೆ ಜನ ಇಲ್ಲ ಅಂದರೆ ಶುರುವಿನಲ್ಲಿ ಈ ಮೂರು ಸಾಲನ್ನು ಪ್ರತಿ ಗುರುವಾರ ನಾನೇ ತುಂಬಿ ಕಳಿಸುತ್ತೇನೆ, ನಿಮ್ಮವರು ಒಮ್ಮೆ ತಾಳೆ ನೋಡಿ ಹಾಕಿಕೊಳ್ಳಲಿ.

ಇಂತಿ,
ನಿಮ್ಮ ಓದುಗ,
ವಿಜಯನಗರ, ಬೆಂಗಳೂರು