ಲೀಡ್ಸ್‌ನಿಂದ ಅಪ್ಪನಿಗೆ: ಆಂಡಿ ಗಿಲ್ ಅವರ ಗಿಟಾರ್ ಕುರಿತು

ಲೀಡ್ಸ್
ಫೆಬ್ರವರಿ 3, 2026

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನೀವು, ಅಮ್ಮ, ಅಜ್ಜಿ ಮತ್ತು ಪುಟ್ಟಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಮೊನ್ನೆ ಭಾನುವಾರ ಫೋನಿನಲ್ಲಿ ಮಾತನಾಡುವಾಗ, ಹಿಂದೆ ಕೇಳಿಸುತ್ತಿರುವ ಸದ್ದು ಯಾವುದು, ಪಕ್ಕದಲ್ಲಿ ಯಾರಾದರೂ ತಗಡು ಕತ್ತರಿಸುತ್ತಿದ್ದಾರೆಯೇ ಎಂದು ನೀವು ಕೇಳಿದಿರಿ. ಅದು ಗಿಟಾರ್ ಎಂದಷ್ಟೇ ಹೇಳಿ ಮಾತು ಬದಲಿಸಿದ್ದು ನನಗೆ ಅಂದಿನಿಂದಲೂ ಕೊರೆಯುತ್ತಿದೆ. ನಲವತ್ತು ವರ್ಷ ಮೃದಂಗ ನುಡಿಸಿದ ನಿಮಗೆ ಆ ಗಿಟಾರ್ ವಿಷಯವನ್ನು ಸರಿಯಾಗಿ ತಿಳಿಸಲೇಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ನುಡಿಸಿದವರು ಆಂಡಿ ಗಿಲ್. ಆ ಭಾನುವಾರಕ್ಕೆ ಅವರು ತೀರಿಕೊಂಡು ಆರು ವರ್ಷವಾಗಿದ್ದರಿಂದ ಬೆಳಗಿನಿಂದ ಅವರ ಹಾಡುಗಳನ್ನೇ ಹಾಕಿಕೊಂಡು ಕುಳಿತಿದ್ದೆ.

ಅವರು ಹುಟ್ಟಿದ್ದು 1956ರ ಜನವರಿ 1ರಂದು, ಮ್ಯಾಂಚೆಸ್ಟರಿನಲ್ಲಿ. ಕೆಂಟ್ ಪ್ರಾಂತದ ಸೆವೆನೋಕ್ಸ್ ಶಾಲೆಯಲ್ಲಿ ಓದುವಾಗ ಜಾನ್ ಕಿಂಗ್ ಎಂಬ ಗೆಳೆಯ ಸಿಕ್ಕರು. ಇಬ್ಬರೂ ಚಿತ್ರಕಲೆ ಕಲಿಯಲು ಇದೇ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. 1976ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಹೊಸ ತಂಡಗಳನ್ನು ಹತ್ತಿರದಿಂದ ಕಂಡು ಹಿಂದಿರುಗಿದ ಮೇಲೆ, ಡ್ರಮ್ಸ್‌ಗೆ ಹ್ಯೂಗೋ ಬರ್ನ್‌ಹ್ಯಾಮ್, ಬೇಸ್ ಗಿಟಾರಿಗೆ ಡೇವ್ ಆಲನ್ ಸೇರಿ 'ಗ್ಯಾಂಗ್ ಆಫ್ ಫೋರ್' ತಂಡ ರೂಪುಗೊಂಡಿತು. ಮಾವೋ ಸತ್ತ ಬಳಿಕ ಚೀನಾದಲ್ಲಿ ಸೆರೆಯಾದ ನಾಲ್ವರು ನಾಯಕರನ್ನು ಪತ್ರಿಕೆಗಳು ಕರೆಯುತ್ತಿದ್ದ ಹೆಸರೇ ಅದು. ಆಗ ಈ ಊರಿನಲ್ಲಿ ಬಿಳಿಯರಲ್ಲದವರನ್ನು ಓಡಿಸಬೇಕೆನ್ನುವ ನ್ಯಾಷನಲ್ ಫ್ರಂಟ್ ಬಲವಾಗಿತ್ತು. ಅದರ ವಿರುದ್ಧ ನಡೆದ 'ರಾಕ್ ಎಗೇನ್ಸ್ಟ್ ರೇಸಿಸಂ' ಕಛೇರಿಗಳಲ್ಲಿ ಈ ತಂಡ ನುಡಿಸಿತು. ಇಂದು ನಾನು ಕತ್ತಲಾದ ಮೇಲೂ ಈ ಬೀದಿಗಳಲ್ಲಿ ನಿರಾತಂಕವಾಗಿ ನಡೆದು ಮನೆಗೆ ಬರುವಾಗ ಆ ಸಂಗತಿ ನೆನಪಾಗದೆ ಇರುವುದಿಲ್ಲ.

ಈಗ ಆ ತಗಡಿನ ಸದ್ದಿನ ವಿಚಾರ. ನಮ್ಮ ಅಜ್ಜನ ಕಾಲದ ವಾಲ್ವ್ ರೇಡಿಯೋದ ದನಿ ಬೆಚ್ಚಗೆ, ದುಂಡಗೆ ಇರುತ್ತಿತ್ತು, ಆಮೇಲೆ ತಂದ ಟ್ರಾನ್ಸಿಸ್ಟರಿನ ದನಿ ಒಣಗಿದಂತಿತ್ತು ಎಂದು ನೀವು ಹೇಳುತ್ತಿದ್ದಿರಿ. ರಾಕ್ ಗಿಟಾರ್ ನುಡಿಸುವವರು ಬಹುಮಟ್ಟಿಗೆ ಆ ದುಂಡು ದನಿಗಾಗಿಯೇ ವಾಲ್ವ್ ಆಂಪ್ಲಿಫೈಯರುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಗಿಲ್ ಅವರಿಗೆ ಬೇಕಾಗಿದ್ದು ಟ್ರಾನ್ಸಿಸ್ಟರಿನ ಒಣ ದನಿ, ಅಂಚು ಮಾಸದ ದನಿ. ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ ಸುಮ್ಮನೆ ಇಟ್ಟು, ಬಲಗೈಯನ್ನು ಮೇಲೆ ಕೆಳಗೆ ಬಿಡದೆ ಆಡಿಸಿದರೆ ಸ್ವರವಿಲ್ಲದ 'ಚಕ್ ಚಕ್' ಎಂಬ ಪೆಟ್ಟು ಹುಟ್ಟುತ್ತದೆ; ನಡುವೆ ಎಲ್ಲಿಯೋ ಒಂದು ಕಡೆ ಬೆರಳು ಒತ್ತಿದಾಗ ಮಾತ್ರ ಸ್ವರ ಕಿಡಿಯಂತೆ ಹಾರಿ ಆರಿಹೋಗುತ್ತದೆ. ನಾನು ಇಲ್ಲಿ ಕೊಂಡ ಹಳೆಯ ಗಿಟಾರಿನ ಮೇಲೆ ಎರಡು ತಿಂಗಳು ಇದನ್ನು ಸಾಧನೆ ಮಾಡಿದ್ದೇನೆ. ಮಣಿಕಟ್ಟು ನೋಯುವುದು ಸಹಿಸಬಹುದು. ಪೆಟ್ಟು ಬೀಳಬಾರದ ಕಡೆ ಕೈಯನ್ನು ತಡೆಯುವುದೇ ಕಷ್ಟ.

ನಿಮಗೆ ಇದು ಹಿಡಿಸುತ್ತದೆಂದು ನನಗನ್ನಿಸಿದ್ದು ಇಲ್ಲಿಯೇ. ಕೀರ್ತನೆಗೆ ನುಡಿಸುವಾಗ ಹಾಡುವವರ ಸಾಹಿತ್ಯಕ್ಕೆ ಜಾಗ ಬಿಟ್ಟು ಕೈ ಎತ್ತಬೇಕು ಎಂದು ನೀವು ಶಿಷ್ಯರಿಗೆ ಹೇಳುತ್ತಿದ್ದುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ. ಗಿಲ್ ಅವರ ತಂಡದಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಕಂಠ ನಾಲ್ಕಕ್ಕೂ ಸರಿಸಮ ಪಾಲು. ಗಿಟಾರ್ ಎಲ್ಲರ ಮೇಲೆ ಏರಿ ಮೆರೆಯುವ, ನಮ್ಮ ತನಿಯಂಥ ಭಾಗವನ್ನೇ ಅವರು ಕೈಬಿಟ್ಟರು. ಕೇಳುಗರು ಅದನ್ನು ನಿರೀಕ್ಷಿಸುವ ಹೊತ್ತಿಗೆ ಗಿಟಾರ್ ಸುಮ್ಮನಾಗಿ, ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿಯುತ್ತವೆ. ಡಾಕ್ಟರ್ ಫೀಲ್‌ಗುಡ್ ತಂಡದ ವಿಲ್ಕೋ ಜಾನ್ಸನ್ ಅವರ ಕಡಿದಂಥ ನುಡಿಸಾಣಿಕೆಯಿಂದಲೂ, ಜಮೈಕಾದ ಡಬ್ ಸಂಗೀತದಿಂದಲೂ ಅವರು ಕಲಿತಿದ್ದರು.

1979ರಲ್ಲಿ ಇಎಂಐ ಕಂಪನಿ ಹೊರತಂದ 'ಎಂಟರ್‌ಟೈನ್‌ಮೆಂಟ್!' ಅವರ ಮೊದಲ ಆಲ್ಬಂ. ಅದರ 'ಈಥರ್' ಹಾಡಿನಲ್ಲಿ ಒಂದು ದನಿ ಸುಖಜೀವನದ ಮಾತಾಡುತ್ತಿದ್ದರೆ ಇನ್ನೊಂದು ದನಿ ಉತ್ತರ ಐರ್ಲೆಂಡಿನ ಸೆರೆಮನೆಗಳಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಹೇಳುತ್ತದೆ. ಅದೇ ವರ್ಷ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಕರೆ ಬಂದಿತ್ತು. ಅಲ್ಲಿ ಹಾಡಬೇಕಿದ್ದ ಬೇರೊಂದು ಹಾಡಿನಲ್ಲಿ ನಿರೋಧ್ ಅನ್ನು ಸೂಚಿಸುವ ಒಂದು ಪದವನ್ನು ಬದಲಿಸಬೇಕೆಂದು ಅಲ್ಲಿಯವರು ಹಟ ಹಿಡಿದಾಗ, ಇಡೀ ದೇಶ ನೋಡುವ ಆ ಅವಕಾಶವನ್ನೇ ಬಿಟ್ಟು ತಂಡ ಹೊರನಡೆಯಿತು. 1982ರಲ್ಲಿ, ಸಮವಸ್ತ್ರದ ಗಂಡಸಿನ ಮೇಲಿನ ಅವರ ಇನ್ನೊಂದು ಹಾಡನ್ನು ಫಾಕ್‌ಲ್ಯಾಂಡ್ಸ್ ಯುದ್ಧದ ಸಮಯವೆಂದು ಬಿಬಿಸಿ ಪ್ರಸಾರದಿಂದ ತೆಗೆಯಿತು. ಒಂದು ಪದಕ್ಕಾಗಿ ಅಷ್ಟು ದೊಡ್ಡದನ್ನು ಕಳೆದುಕೊಳ್ಳಬೇಕಿತ್ತೇ ಎಂದು ಇಲ್ಲಿ ಕೆಲವರು ಈಗಲೂ ಕೇಳುತ್ತಾರೆ. ಅವರು ಮಾಡಿದ್ದೇ ಸರಿ ಎಂಬುದು ನನ್ನ ದೃಢ ನಂಬಿಕೆ.

ಎಂಬತ್ತರ ದಶಕದ ನಡುವೆ ತಂಡ ಚದುರಿತು, ಆಮೇಲೆ ಬೇರೆ ಬೇರೆ ರೂಪದಲ್ಲಿ ಮತ್ತೆ ಕೂಡಿತು. ಗಿಲ್ ಅವರು ಬೇರೆಯವರ ಧ್ವನಿಮುದ್ರಣಗಳನ್ನೂ ನಡೆಸಿಕೊಟ್ಟರು. 1984ರಲ್ಲಿ ಬಂದ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ ಮೊದಲ ಆಲ್ಬಂ ಅವರದೇ ನಿರ್ದೇಶನದ್ದು. ಮುದ್ರಣದ ವೇಳೆ ಆ ಹುಡುಗರಿಗೂ ಇವರಿಗೂ ಸರಿಹೋಗಲಿಲ್ಲ. ಆದರೂ 2021ರಲ್ಲಿ ಗಿಲ್ ಅವರ ನೆನಪಿಗೆಂದು ಹಲವರು ಸೇರಿ ಹೊರತಂದ ಆಲ್ಬಂನಲ್ಲಿ ಅದೇ ತಂಡದ ಫ್ಲೀ ಅವರೂ ನುಡಿಸಿದ್ದಾರೆ. ನಿರ್ವಾಣ ತಂಡದ ಕರ್ಟ್ ಕೋಬೇನ್ ತಮ್ಮ ಮೆಚ್ಚಿನ ಐವತ್ತು ಆಲ್ಬಂಗಳ ಪಟ್ಟಿಯಲ್ಲಿ 'ಎಂಟರ್‌ಟೈನ್‌ಮೆಂಟ್!' ಹೆಸರನ್ನು ಬರೆದಿಟ್ಟಿದ್ದರು.

2019ರ ನವೆಂಬರಿನಲ್ಲಿ ಚೀನಾ ಪ್ರವಾಸ ಮುಗಿಸಿ ಬಂದ ಮೇಲೆ ಅವರಿಗೆ ಉಸಿರಾಟದ ಕಾಯಿಲೆ ಬಂತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 2020ರ ಫೆಬ್ರವರಿ 1ರಂದು ತೀರಿಕೊಂಡಾಗ ಅವರಿಗೆ ಅರವತ್ತನಾಲ್ಕು. ಹಾಸಿಗೆಯಲ್ಲಿ ಮಲಗಿಯೇ ಮುಂದಿನ ಆಲ್ಬಂನ ಹಾಡುಗಳನ್ನು ಕೇಳಿ ತಿದ್ದುತ್ತಿದ್ದರು, ಮುಂದಿನ ಪ್ರವಾಸವನ್ನೂ ಯೋಚಿಸುತ್ತಿದ್ದರು ಎಂದು ತಂಡದವರು ತಿಳಿಸಿದ್ದರು. ಅದನ್ನು ಓದಿದಾಗ, ಕಳೆದ ವರ್ಷ ಜ್ವರದಲ್ಲಿ ಮಲಗಿದ್ದಾಗಲೂ ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದ ನೀವು ಕಣ್ಣಮುಂದೆ ಬಂದಿರಿ.

'ನ್ಯಾಚುರಲ್ಸ್ ನಾಟ್ ಇನ್ ಇಟ್' ಎಂಬ ಹಾಡನ್ನು ಪುಟ್ಟಿಯ ಫೋನಿಗೆ ಕಳುಹಿಸಿದ್ದೇನೆ. ಫೋನಿನಲ್ಲೇ ಕೇಳಬೇಡಿ, ಅವಳ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲಿಗೆ ಗಿಟಾರ್ ಒಂದೇ ಕೇಳಿಸುತ್ತದೆ. ತೊಡೆಯ ಮೇಲೆ ಆದಿತಾಳ ಹಾಕಿಕೊಂಡು ಕೇಳಿ, ಎಲ್ಲೆಲ್ಲಿ ಅವರು ಕೈ ತಡೆದಿದ್ದಾರೆಂದು ಗುರುತು ಮಾಡಿಕೊಂಡು ನನಗೆ ಬರೆಯಿರಿ. ನನಗೆ ಮೂರು ಕಡೆ ಇನ್ನೂ ಲೆಕ್ಕ ಸಿಕ್ಕಿಲ್ಲ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇತಿ,
ನಿಮ್ಮ ಆಶೀರ್ವಾದ ಬೇಡುವ
ಮಗ